ಎಮ್ಮೆ ಮೇಯುತ್ತಿದ್ದ ದೋಣಿ

ನಮ್ಮ ಕಾಕಾನಷ್ಟು ನೀರಿಗೆ ಹೆದರುವ ಪ್ರಾಣಿ ಇಡೀ ರೋಣ ತಾಲೂಕಿನಲ್ಲಿ ಇನ್ನೊಂದಿಲ್ಲ. ಬೆಕ್ಕೂ ಇಲ್ಲ! ಜಳಕಕ್ಕೆ ಅವನಿಗೆ ಎರಡು ತಂಬಿಗೆ ನೀರು ಸಾಕು; ಮೂರನೆಯದಕ್ಕೆ ಕೈ ಹಾಕಿದನೆಂದರೆ ಅವತ್ತು ದೀಪಾವಳಿ ಎಂದು ತಿಳಿಯಬೇಕು. ಬಸ್ಸು ಕೊಣ್ಣೂರಿನ ಸೇತುವೆ ಹತ್ತಿತೆಂದರೆ ಕಿಟಕಿಯ ಸೀಟು ಬಿಟ್ಟು ಎದ್ದು ನಡುವೆ ಬಂದು ನಿಲ್ಲುತ್ತಾನೆ, ಅದೂ ಹೊಳೆಯಲ್ಲಿ ಬರೀ ಉಸುಕು ಕಾಣುವ ಬೇಸಗೆಯಲ್ಲಿ. ಇಂಥ ಮನುಷ್ಯ ಒಂದು ದೋಣಿಯ ಮಾಲೀಕ ಎಂದರೆ ನೀವು ನಂಬುತ್ತೀರಾ? ಅದೂ ಎಲ್ಲಿ? ಅಬ್ಬಿಗೇರಿಯಲ್ಲಿ! ಕಣ್ಣು ಹಾಯಿಸಿದಷ್ಟು ದೂರ ಎರೆ ಹೊಲ, ಕಡಲೆ, ಜೋಳ, ಉಳ್ಳಾಗಡ್ಡಿ. ನಳಕ್ಕೆ ನೀರು ಬಂತೆಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುವ ಊರು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಾನು ಗಜೇಂದ್ರಗಡದಲ್ಲಿ ಸಾಲಿ ಕಲಿಸುತ್ತೇನೆ. ರವಿವಾರ ಬಂತೆಂದರೆ ರೋಣಕ್ಕೆ ಹೋಗಿ ಅಪ್ಪನನ್ನು ನೋಡಿ, ಅಬ್ಬಿಗೇರಿಗೆ ಹೋಗಿ ಕಾಕಾನ ಹೊಸ ಹುಚ್ಚು ಯಾವುದೆಂದು ವಿಚಾರಿಸಿಕೊಂಡು ಬರುವುದು ನನ್ನ ಪದ್ಧತಿ. ಹುಚ್ಚಿಗೆ ಬರಗಾಲವಿರಲಿಲ್ಲ. ಹಳೆಯದು ಯಾವುದೇ ಕಣ್ಣಿಗೆ ಬೀಳಲಿ, ಕಾಕಾ ಅದಕ್ಕೊಂದು ವಯಸ್ಸು, ಒಂದು ವಂಶಾವಳಿ ಕಟ್ಟಿಬಿಡುತ್ತಿದ್ದ. ಒಮ್ಮೆ ಹಿತ್ತಲಿನಲ್ಲಿ ಸಿಕ್ಕ ಗುಂಡುಕಲ್ಲನ್ನು ನರಗುಂದದ ಕೋಟೆಯಿಂದ ಹಾರಿಬಂದ ಫಿರಂಗಿ ಗುಂಡು ಎಂದು ಸಾಧಿಸಿ, ಪಡಸಾಲೆಯ ಮಾಡದಲ್ಲಿಟ್ಟು ಎಂಟು ದಿನ ಬಂದವರಿಗೆಲ್ಲ ತೋರಿಸಿದ. ಒಂಬತ್ತನೆಯ ದಿನ ಎದುರು ಮನೆಯಾಕೆ ಚಹಾಕ್ಕೆ ಬಂದವಳು ಅದನ್ನು ನೋಡಿ, ಅಯ್ಯ, ನಮ್ಮ ಒಳ್ಳಿನ ಗುಂಡು ಇಲ್ಲೈತಲ್ಲ ಎಂದು ಎತ್ತಿಕೊಂಡು ಹೋದಳು. ನರಗುಂದದಿಂದ ಅಬ್ಬಿಗೇರಿಯವರೆಗೆ ಹಾರಿಬಂದಿದ್ದ ಫಿರಂಗಿ ಗುಂಡು ಅವತ್ತು ಸಂಜೆ ಕೆಂಪು ಚಟ್ನಿ ಅರೆಯಿತು.

ದೋಣಿಯ ಕತೆ ಸುರುವಾದದ್ದು ದನದ ಕೊಟ್ಟಿಗೆಯಲ್ಲಿ. ದನಗಳಿಗೆ ಮೇವು ಹಾಕುವ ಗ್ವಾದಲಿ ನಮ್ಮಲ್ಲಿ ಸಾಮಾನ್ಯವಾಗಿ ಕಲ್ಲಿನದು. ಕಾಕಾನ ಮನೆಯದು ಮಾತ್ರ ಕಟ್ಟಿಗೆಯದು; ಎರಡು ಆಳುದ್ದದ ಒಂದೇ ದಿಮ್ಮಿಯನ್ನು ಕೆತ್ತಿ ಒಳಗೆ ಪೊಳ್ಳು ಮಾಡಿದ್ದು. ನಮ್ಮಜ್ಜನ ಕಾಲದಿಂದಲೂ ಎಮ್ಮೆಗಳು ಅದರಲ್ಲೇ ಮೇಯುತ್ತ ಬಂದಿದ್ದವು. ಒಂದು ಸಲ ಎಮ್ಮೆ ಈಯುವ ಹೊತ್ತೆಂದು ಅದನ್ನು ಬೇರೆ ಕಡೆ ಕಟ್ಟಿದ್ದರಿಂದ ಗ್ವಾದಲಿ ಖಾಲಿ ಬಿದ್ದಿತ್ತು. ಅದನ್ನು ತೊಳೆಯಲು ಹೋದ ಕಾಕಾ, ಮಧ್ಯಾಹ್ನದ ಊಟಕ್ಕೆ ಕರೆದರೂ ಬರಲಿಲ್ಲ. ಹೋಗಿ ನೋಡಿದರೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ನನ್ನನ್ನು ನೋಡಿ ಮೆಲ್ಲಗೆ ಹೇಳಿದ:

“ಯವ್ವಾ, ಇದು ಗ್ವಾದ್ಲಿ ಅಲ್ಲ. ದೋಣಿ ಐತಿ.”

ಇಲ್ಲಿ ನೀವು ನಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಜ್ಜಿ ತೀರಿಕೊಂಡಾಗ ಕಾಕಾನಿಗೆ ನಾಲ್ಕು ವರ್ಷ, ನಮ್ಮಪ್ಪನಿಗೆ ಒಂಬತ್ತು. ಅಜ್ಜಿಯದೊಂದು ಫೋಟೋ ಕೂಡ ಮನೆಯಲ್ಲಿಲ್ಲ. ತಾಯಿಯದೆಂದು ಕಾಕಾನಿಗೆ ಉಳಿದಿರುವ ನೆನಪು ಒಂದೇ ಒಂದು: ಸುತ್ತ ಎಲ್ಲಿ ನೋಡಿದರೂ ಕೆಂಪು ನೀರು, ತಾನು ಒಬ್ಬ ಹೆಣ್ಣುಮಗಳ ತೊಡೆಯ ಮೇಲೆ, ತಲೆಯ ಮೇಲೆ ಹಸಿರು ಸೆರಗು, ಕೆಳಗೆ ಅಲುಗಾಡುವ ಕಟ್ಟಿಗೆ. ಅದು ಅವ್ವ, ಅದು ದೋಣಿ, ಅದು ಅವ್ವನ ತವರೂರ ಹೊಳೆ ಎಂದು ಕಾಕಾನ ವಾದ. ಅಜ್ಜಿಯ ತವರು ಕೊಣ್ಣೂರಿನ ಕೆಳಗೆ ಮಲಪ್ರಭೆಯ ದಂಡೆಯ ಮೇಲಿನ ಒಂದು ಹಳ್ಳಿ, ಅದೇನೋ ಖರೆ. ಆದರೆ ನಮ್ಮಪ್ಪ ಒಪ್ಪಬೇಕಲ್ಲ! ಅಪ್ಪ ನಿವೃತ್ತ ಲೆಕ್ಕದ ಮಾಸ್ತರ. ತಾಳೆ ನೋಡದೆ ಚಹಾಕ್ಕೆ ಸಕ್ಕರೆ ಕೂಡ ಹಾಕಿಕೊಳ್ಳುವವನಲ್ಲ. ನೀನು ಯಾವ ದೋಣಿಯಲ್ಲೂ ಕೂತಿಲ್ಲ, ಅದೆಲ್ಲ ಕನಸು ಎಂದು ಅವನು ಅರವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಾಗ ಒಂದು ಮಾತು ಬಂದಿರಲಿಲ್ಲ. ದೋಣಿಯ ಸುದ್ದಿ ಬಂತೋ, ಇಬ್ಬರೂ ತಾಟು ಬಿಟ್ಟು ಏಳುತ್ತಿದ್ದರು.

ಈಗ ತಿಳಿಯಿತಲ್ಲ? ಅದು ದೋಣಿಯಾದರೆ ಕಾಕಾನಿಗೊಬ್ಬ ತಾಯಿ ಇದ್ದಳು. ಅದು ಗ್ವಾದಲಿಯಾದರೆ, ಬರೀ ಕನಸು.

ನಾನು ಸುದ್ದಿಯನ್ನು ರೋಣಕ್ಕೆ ಮುಟ್ಟಿಸಿದೆ. ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅದು ಗಜೇಂದ್ರಗಡದ ಸಂತೆಯಲ್ಲಿ ಅಜ್ಜ ಕೊಂಡು ತಂದ ಗ್ವಾದಲಿ, ತಂದ ದಿನ ತಾನೇ ಗಾಡಿಯಿಂದ ಇಳಿಸಿದ್ದೇನೆ, ಮುಗಿಯಿತು ಎಂದ. ನಾನು ಅದನ್ನು ಅಬ್ಬಿಗೇರಿಗೆ ಮುಟ್ಟಿಸಿದೆ. ಹಾಗಾದರೆ ಗ್ವಾದಲಿಗೆ ಎರಡೂ ತುದಿ ಚೂಪು ಯಾಕೆ, ಎಮ್ಮೆ ಏನು ಈಸಾಡುತ್ತ ಮೇಯುತ್ತದೋ ಎಂದು ಕೇಳಿ ಬಾ ಅಂದ ಕಾಕಾ. ಹೀಗೆ ಒಂದು ತಿಂಗಳು ನಾನು ಇಬ್ಬರ ನಡುವೆ ಕೆಂಪು ಬಸ್ಸಿನಲ್ಲಿ ವಕಾಲತ್ತು ಮಾಡಿದೆ.

ಊರಿನವರೂ ಸುಮ್ಮನಿರಲಿಲ್ಲ. ಒಬ್ಬ ಅದು ಗಾಣದ ತೊಟ್ಟಿ ಎಂದ. ಇನ್ನೊಬ್ಬ, ಹಿಂದಿನ ಕಾಲದ ಪೈಲವಾನರು ಜಳಕ ಮಾಡುತ್ತಿದ್ದ ಕೊಪ್ಪರಿಗೆ ಎಂದ. ಕೊನೆಗೆ ಕಾಕಾ ಬಡಿಗ್ಯಾರನ್ನು ಕರೆಸಿದ. ಆತ ಒಂದು ಮೂಲೆಯಲ್ಲಿ ಉಳಿ ಇಟ್ಟು ಒಂದು ಚಕ್ಕೆ ಎಬ್ಬಿಸಿ, ಮೂಸಿ, ನಾಲಗೆಗೆ ಹಚ್ಚಿ, ಒಂದು ಲೋಟ ನೀರಿನಲ್ಲಿ ಹಾಕಿಟ್ಟ. ಸಂಜೆಯ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಹೊನ್ನಿ ಮರ ಎಂದು ತೀರ್ಪು ಕೊಟ್ಟು ಆತ ಹೋದ. ದೋಣಿಯೋ ಗ್ವಾದಲಿಯೋ ಎಂಬುದು ಬಡಿಗತನದ ಪ್ರಶ್ನೆಯಲ್ಲವಂತೆ.

ಹೋದವನು ದಾರಿಯಲ್ಲಿ ಬಾಯಿ ಬಿಟ್ಟಿರಬೇಕು. ಹೊನ್ನಿಯ ಕಟ್ಟಿಗೆ ನೆನೆಸಿದ ನೀರು ಸಕ್ಕರೆ ರೋಗಕ್ಕೆ ರಾಮಬಾಣ ಎಂಬ ನಂಬಿಕೆ ನಮ್ಮ ಕಡೆ ಮೊದಲಿನಿಂದ ಇದೆ. ಮರುದಿನ ಕಾಕಾನ ಅಂಗಳದಲ್ಲಿ ಏಳು ಮಂದಿ, ಅದರ ಮರುದಿನ ಇಪ್ಪತ್ತು! ಎಲ್ಲರಿಗೂ ಬೆರಳಿನಷ್ಟೇ ಒಂದು ಚಕ್ಕೆ ಬೇಕು. ದೂರದ ಬೀಗರೊಬ್ಬರು ಮಾತಾಡಿಸಲು ಬಂದಂತೆ ಬಂದರು; ಎದ್ದು ಹೋಗುವಾಗ ಅವರ ಜೇಬಿನಿಂದ ಒಂದು ಚಾಕು ಬಿತ್ತು. ಕಾಕಾ ಹೊರಸು ಮಂಚವನ್ನು ಕೊಟ್ಟಿಗೆಯಲ್ಲೇ ಹಾಕಿಕೊಂಡು ಕಾವಲು ಕೂತ. ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ತನ್ನ ಪಾಡಿಗೆ ಹಿಂಡಿ ನೆನೆಸುತ್ತ, ಅದಕ್ಕೇ ನಮ್ಮ ಎಮ್ಮೆಗೆ ಇಷ್ಟು ವರ್ಷ ಶುಗರ್ ಬಂದಿಲ್ಲ ನೋಡು ಎಂದಳು.

ಚಿಗವ್ವನ ಸಂಕಟ ಬೇರೆ. ಗ್ವಾದಲಿ ಹೋದ ಮೇಲೆ ಎಮ್ಮೆಗೆ ಮೇವು ಹಾಕಲು ಕಾಕಾ ಅರ್ಧ ಕೊಯ್ದ ಕಬ್ಬಿಣದ ಡ್ರಮ್ಮು ತಂದಿಟ್ಟಿದ್ದ. ಎಮ್ಮೆ ಅದನ್ನು ಮೂಸಿ ನೋಡಿ ಮುಖ ತಿರುಗಿಸಿತು. ಹಾಲು ಅರ್ಧಕ್ಕೆ ಇಳಿಯಿತು. ಚಿಗವ್ವ ಗಂಡನಿಗೆ ಬಿಳಿ ಚಹಾ ನಿಲ್ಲಿಸಿ ಕರಿ ಚಹಾ ಸುರು ಮಾಡಿದಳು. ಸಂಶೋಧಕರು ಎಲ್ಲ ಕಾಲದಲ್ಲೂ ಇಂಥ ಕಷ್ಟ ಅನುಭವಿಸಿದ್ದಾರೆ ಎಂದು ಕಾಕಾ ಆ ಕರಿ ಚಹಾ ಕುಡಿದ.

ಆಮೇಲೆ ಸುರುವಾಯಿತು ಜೀರ್ಣೋದ್ಧಾರ. ನಮ್ಮ ಎರೆಸೀಮೆಯ ಮಂದಿಗೆ ಕಟ್ಟಿಗೆ ಎಂದರೆ ಏನು? ಗಾಡಿ, ಕುಂಟೆ, ಕೂರಿಗೆ. ಅವುಗಳ ಶತ್ರು ನೀರು. ಕೂರಿಗೆಯನ್ನು ಯಾರಾದರೂ ಮಳೆಯಲ್ಲಿ ಬಿಡುತ್ತಾರೆಯೇ? ಕಾಕಾನೂ ಹಾಗೇ ವಿಚಾರ ಮಾಡಿದ. ಅರವತ್ತು ವರ್ಷದ ಮುಸುರೆ ಕೆರೆದು ತೆಗೆದ. ಮಾಳಿಗೆಯ ಮೇಲೆ ಹತ್ತು ಮಂದಿಯಿಂದ ಹತ್ತಿಸಿ, ಚೈತ್ರ ವೈಶಾಖದ ಬಿಸಿಲಿನಲ್ಲಿ ಒಣಗಲು ಇಟ್ಟ. ಗಾಡಿಯ ಕೀಲಿಗೆ ಹಚ್ಚುವ ಔಡಲೆಣ್ಣೆಯನ್ನು ದಿನಾ ಅರಿವೆಯಿಂದ ತಿಕ್ಕಿದ. ಒಂದು ದಿನ ನಾಲ್ಕು ಹನಿ ಅಕಾಲ ಮಳೆ ಬಂದಾಗ, ಅಂಗಳದಲ್ಲಿ ಹರವಿದ್ದ ಕಡಲೆ ಬಿಟ್ಟು, ತಾಡಪತ್ರಿ ಹಿಡಿದು ಮಾಳಿಗೆಗೆ ಓಡಿ ದೋಣಿಗೆ ಹೊದಿಸಿದ. ಕಡಲೆ ತೋಯಿತು. ದೋಣಿಯ ಮೇಲೆ ಒಂದು ಹನಿ ನೀರು ಬೀಳಲಿಲ್ಲ! ಜಗತ್ತಿನಲ್ಲಿ ಯಾವ ದೋಣಿಯನ್ನೂ ನೀರಿನಿಂದ ಇಷ್ಟು ಶ್ರದ್ಧೆಯಿಂದ ಕಾಪಾಡಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಚಿಗವ್ವ ರೊಟ್ಟಿ ಬಡಿಯುತ್ತಿದ್ದಾಗ ಮೇಲೆ ಫಟ್ ಎಂದು ಸಪ್ಪಳವಾಯಿತು. ತೊಲೆ ಮುರಿಯಿತೆಂದು ಅವಳು ಹೊರಗೆ ಓಡಿದಳು. ತೊಲೆಯಲ್ಲ, ದೋಣಿ. ಈ ತುದಿಯಿಂದ ನಡುವಿನವರೆಗೆ ಸೀಳಿತ್ತು. ಸಂಜೆಗೆ ಎರಡನೆಯ ಸೀಳು, ನಾಲ್ಕು ದಿನಕ್ಕೆ ಐದು. ನಾನು ಆ ರವಿವಾರ ಹೋದಾಗ ಕಾಕಾ ಮಾಳಿಗೆಯ ಮೇಲೆ ಸೀಳುಗಳಿಗೆ ಬೆರಳಿಟ್ಟು ಕೂತಿದ್ದ. ಆ ಮುಖ ನೋಡಿ ನನಗೆ ಚೇಷ್ಟೆಯ ಮಾತು ಬಾಯಿಗೆ ಬರಲಿಲ್ಲ. ತಾನೇ ಕೈಯಾರೆ ಹಾಳು ಮಾಡಿದೆ, ಇನ್ನು ಇದು ದೋಣಿ ಎಂದರೆ ಯಾರು ನಂಬುತ್ತಾರೆ ಎಂದು ಅಷ್ಟೇ ಹೇಳಿದ.

ಆಗ ನನಗೆ ಹೊಳೆದದ್ದು, ಹೊಳೆಯ ವಸ್ತುವನ್ನು ಹೊಳೆಯವರಿಗೇ ತೋರಿಸಬೇಕು ಎಂದು. ಅಜ್ಜಿಯ ತವರೂರಿನಲ್ಲಿ ವಿಚಾರಿಸಿದರೆ, ಹಿಂದೆ ದೋಣಿ ನಡೆಸುತ್ತಿದ್ದ ಅಂಬಿಗರ ಮನೆಯ ಒಬ್ಬ ಮುದುಕ ಇನ್ನೂ ಗಟ್ಟಿಯಾಗಿದ್ದಾನೆ ಎಂದು ತಿಳಿಯಿತು. ಕರೆದುಕೊಂಡು ಬಂದೆ. ಅವತ್ತು ಅಪ್ಪನೂ ರೋಣದಿಂದ ಬಂದಿದ್ದ, ತಮ್ಮನ ಸೋಲನ್ನು ಕಣ್ಣಾರೆ ನೋಡಬೇಕೆಂದು. ಹಾಗೆಂದು ಅವನೇ ಹೇಳಿದ.

ಅಂಬಿಗಜ್ಜ ಮಾಳಿಗೆ ಹತ್ತಿ ದೋಣಿಗೆ ಒಂದು ಸುತ್ತು ಹಾಕಿದ. ಚಪ್ಪಲಿ ಬಿಟ್ಟು ಒಳಗೆ ಇಳಿದು, ಹಿಂದಿನ ತುದಿಗೆ ಹೋಗಿ, ಕಾಲಿನಿಂದ ತಡಕುತ್ತ ಒಂದು ಕಡೆ ನಿಂತ. ತಳದಲ್ಲಿ ಎರಡು ಸಣ್ಣ ತಗ್ಗುಗಳಿದ್ದವು. ಎಮ್ಮೆ ನೆಕ್ಕಿ ನೆಕ್ಕಿ ಸವೆದದ್ದೆಂದು ನಾವು ತಿಳಿದಿದ್ದೆವು. ಅವನ ಎರಡು ಹಿಮ್ಮಡ ಅವುಗಳಲ್ಲಿ ಸರಿಯಾಗಿ ಕೂತವು.

“ಗಳ ಊರಿ ದೋಣಿ ನಡಸೂ ಮನಶಾ ಇಲ್ಲೇ ನಿಂದರತಾನ್ರಿ,” ಎಂದ. “ದಿನಾ ಒಂದ ಜಾಗಾದಾಗ ನಿಂತು ನಿಂತು ಹಿಮ್ಮಡಕ್ಕ ಸವೀತೈತಿ. ಎಮ್ಮಿ ಗ್ವಾದ್ಲಿಯೊಳಗ ನಿಂತು ಮೇಯಂಗಿಲ್ಲ.”

ಸೇತುವೆಯಾದ ಮೇಲೆ ಅಂಬಿಗಜ್ಜನ ಅಪ್ಪ ಮನೆಯ ದೋಣಿಯನ್ನು ಎರೆಸೀಮೆಯ ಯಾರಿಗೋ ಮಾರಿದ್ದನಂತೆ. ಎತ್ತಿನ ಗಾಡಿಯಲ್ಲಿ ದೋಣಿ ಹೋಗುವುದನ್ನು ತಾನು ನೋಡಿದ್ದು ನೆನಪಿದೆಯಂತೆ. ಕಾಕಾ ಅಣ್ಣನ ಕಡೆ ನೋಡಿದ. ಅಪ್ಪ ಕನ್ನಡಕ ಒರೆಸಿದ. ಇದು ದೋಣಿ ಅಂತಾದರೂ ನೀನು ಅದರಲ್ಲಿ ಕೂತಿದ್ದೆ ಅಂತ ಆಗುವುದಿಲ್ಲ, ರೋಣದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ಬಸ್ಸು ನಿಂತಿರುತ್ತವೆ, ಎಲ್ಲದರಲ್ಲೂ ನಾವು ಕೂತಿರುತ್ತೇವೇನು ಎಂದು ಹೇಳಿ ಮಾಳಿಗೆ ಇಳಿದು ಹೋದ. ನನಗೆ ಅವತ್ತು ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಂಬಿಗಜ್ಜನಿಗೆ ಬೇರೆ ಚಿಂತೆ. ಯಾರು ಇದನ್ನು ಬಿಸಿಲಿಗೆ ಹಾಕಿದವರು ಎಂದು ಕೇಳಿದ. ಕಾಕಾ ತಾನೇ ಎಂದು ಕೈ ಎತ್ತಿದ, ಸಾಲಿಯ ಹುಡುಗರ ಹಾಗೆ. ಹೊಳೆಯ ಮಂದಿ ಬೇಸಗೆಯಲ್ಲಿ ದೋಣಿಯನ್ನು ಒಣಗಿಸುವುದಿಲ್ಲವಂತೆ; ಕಲ್ಲು ಹೇರಿ ನೀರಿನಲ್ಲಿ ಮುಳುಗಿಸಿ ಇಡುತ್ತಾರಂತೆ. ಅದು ಒಣಗಿದರೇ ಸಾಯುವುದು. ಹಾಗಿದ್ದರೆ ಅರವತ್ತು ವರ್ಷ ನಮ್ಮ ಕೊಟ್ಟಿಗೆಯಲ್ಲಿ ಹೇಗೆ ಬದುಕಿತು ಎಂದು ನಾನು ಕೇಳಿದೆ. ಅವನು ದೋಣಿಯ ತಳ ಮೂಸಿ, ದಿನಾ ಇದರಲ್ಲಿ ಏನು ಹಾಕುತ್ತಿದ್ದಿರಿ ಎಂದ.

ಚಿಗವ್ವ ಮುಂದೆ ಬಂದಳು. ನೆನೆಸಿದ ಹಿಂಡಿ, ಅಕ್ಕಿ ತೊಳೆದ ನೀರು, ಮುಸುರೆ. ದಿನಾ ಎರಡು ಹೊತ್ತು, ಮದುವೆಯಾಗಿ ಬಂದಂದಿನಿಂದ, ಅದಕ್ಕೆ ಮೊದಲು ಮನೆಯ ಹಿರಿಯ ಹೆಣ್ಣುಮಕ್ಕಳು. ಅಂಬಿಗಜ್ಜ ಅವಳಿಗೆ ಕೈ ಮುಗಿದು, “ನೀವ ಉಳಿಸೀರಿ ತಾಯಿ ಇದನ್ನ,” ಎಂದ. ನೋಡಿ, ನಲವತ್ತು ವರ್ಷ ಈ ಪುರಾತನ ದೋಣಿಯನ್ನು ಸಂರಕ್ಷಣೆ ಮಾಡಿದವಳು ಚಿಗವ್ವ, ಮೂರು ತಿಂಗಳಲ್ಲಿ ಸೀಳಿದವನು ಸಂಶೋಧಕ! ಅವತ್ತು ಸಂಜೆ ಚಿಗವ್ವ ಗಂಡನಿಗೆ ತಾನೇ ಬಿಳಿ ಚಹಾ ಕೊಟ್ಟಳು. ಗೆದ್ದವರಿಗೆ ಅಷ್ಟು ಔದಾರ್ಯ ಇರುತ್ತದೆ.

ಮುಳುಗಿಸಬೇಕು ಸರಿ, ನೀರೆಲ್ಲಿ? ಅಸೂಟಿಯಲ್ಲಿ ನಮ್ಮ ಬೀಗರ ಹೊಲದಲ್ಲೊಂದು ಕೃಷಿ ಹೊಂಡವಿತ್ತು. ಮುಂಗಾರು ಚಲೋ ಆಗಿ ಅದು ಕಂಠಮಟ ತುಂಬಿತ್ತು. ದೋಣಿಯನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಹೇರಿ ಹೊರಟೆವು. ರೋಣದ ಪೇಟೆಯಲ್ಲಿ ಹೋಗುವಾಗ ಅಂಗಡಿಯವರೆಲ್ಲ ಎದ್ದು ನಿಂತರು. ಒಬ್ಬರು ಗಾಬರಿಯಿಂದ ಬಂದು, ಡ್ಯಾಮಿನ ನೀರು ಬಿಟ್ಟರೇನು ಎಂದು ಕೇಳಿದರು. ಇಲ್ಲ ಎನ್ನುವಷ್ಟರಲ್ಲಿ ಅವರ ಪಕ್ಕದವರು ಕೊಣ್ಣೂರಿನ ನೆಂಟರಿಗೆ ಫೋನು ಹಚ್ಚಿ, ರೋಣದವರೆಗೆ ದೋಣಿ ಬಂದಾವ, ಮಕ್ಕಳನ್ನ ಕರಕೊಂಡು ಲಗೂನ ಎತ್ತರಕ್ಕ ಹೋಗ್ರಿ ಎಂದು ಹೇಳಿಬಿಟ್ಟಿದ್ದರು. ಆ ಕಡೆಯಿಂದ ಆಮೇಲೆ ನಮಗೆ ಬಂದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೊಂಡದಲ್ಲಿ ದೋಣಿಗೆ ಕಲ್ಲು ತುಂಬಿ ಅಂಬಿಗಜ್ಜ ಮುಳುಗಿಸಿದ. ಕಾಕಾ ದಂಡೆಯಿಂದ ಹತ್ತು ಮಾರು ದೂರ ಒಂದು ಬನ್ನಿ ಗಿಡ ಹಿಡಿದು ನಿಂತು, ಗುಳುಗುಳು ಎಂದು ಗುಳ್ಳೆ ಏಳುವುದನ್ನು ನೋಡಿದ. ಆಮೇಲೆ ದಿನಾ ಅಬ್ಬಿಗೇರಿಯಿಂದ ಅಸೂಟಿಗೆ ಹೋಗಿ, ಅದೇ ಗಿಡದ ಬುಡದಲ್ಲಿ ಕೂತು, ಏನೂ ಕಾಣದ ನೀರನ್ನು ನೋಡಿ ಬರುತ್ತಿದ್ದ. ಬಸ್ಸಿನ ಕಂಡಕ್ಟರು, ಅಲ್ಲಿ ನಿಮ್ಮದೇನು ಕೆಲಸ ಎಂದು ಕೇಳಿದರೆ, ದೋಣಿ ಮುಳುಗಿಸೇನಿ ಎನ್ನುತ್ತಿದ್ದನಂತೆ. ನಾಲ್ಕು ದಿನದ ನಂತರ ಕಂಡಕ್ಟರು ಕೇಳುವುದು ಬಿಟ್ಟ.

ಎರಡು ತಿಂಗಳ ಮೇಲೆ ಎತ್ತಿ ನೋಡಿದರೆ ಐದರಲ್ಲಿ ನಾಲ್ಕು ಸೀಳು ಉಬ್ಬಿ ಕೂಡಿಕೊಂಡಿದ್ದವು. ಉಳಿದ ಒಂದಕ್ಕೆ ಅದೇ ಬಡಿಗ್ಯಾರ ಹೊನ್ನಿಯದೇ ತುಂಡು ಕೂಡಿಸಿದ. ಸಂದಿಗೆ ನಮ್ಮ ಹೊಲದ ಹತ್ತಿಯನ್ನು ರಾಳದಲ್ಲಿ ಅದ್ದಿ ಅಂಬಿಗಜ್ಜ ತುರುಕಿದ. ತೇಲಿಸುವ ದಿನ ಗೊತ್ತಾಯಿತು. ನಾನು ಅಪ್ಪನಿಗೆ, ಬಂದರೆ ಬಾ, ಬಿಟ್ಟರೆ ಬಿಡು ಎಂದು ಬಿಗಿಯಾಗೇ ಹೇಳಿದ್ದೆ. ಹೊತ್ತು ಏರುವ ಮೊದಲೇ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು ದಂಡೆಯ ಮೇಲೆ ನಿಂತಿದ್ದ.

ದೋಣಿ ತೇಲಿತು. ಸ್ವಲ್ಪ ಎಡಕ್ಕೆ ವಾಲಿ, ಆದರೆ ತೇಲಿತು! ಚಿಗವ್ವ ಅರಿಶಿಣ ಕುಂಕುಮ ಹಚ್ಚಿ ಕಾಯಿ ಒಡೆದಳು. ಈಗ ಕಾಕಾ ಕೂಡಬೇಕು. ಎರಡು ತಂಬಿಗೆಯ ಜಳಕದ ಮನುಷ್ಯ! ಕಣ್ಣು ಮುಚ್ಚಿ, ಅಂಬಿಗಜ್ಜನ ಕೈ ಹಿಡಿದು, ಮಗು ಅಂಬೆಗಾಲಿಡುವಂತೆ ಒಳಗೆ ಹೋಗಿ ನಡುವಿನಿಂದ ತುಸು ಮುಂದೆ ಕೂತ. ದೋಣಿ ಮೂಗು ತಗ್ಗಿಸಿತು. ಹಿಂದೆ ಇನ್ನೊಬ್ಬರ ಭಾರ ಬೇಕು ಎಂದ ಅಂಬಿಗಜ್ಜ. ನಾನು ಸೆರಗು ಕಟ್ಟುತ್ತಿದ್ದೆ. ಅಷ್ಟರಲ್ಲಿ ಅಪ್ಪ ಯಾರನ್ನೂ ಕೇಳದೆ ಧೋತರ ಮೇಲಕ್ಕೆತ್ತಿಕೊಂಡು ಹೋಗಿ ತಮ್ಮನ ಹಿಂದೆ ಕೂತುಬಿಟ್ಟ.

ಅಂಬಿಗಜ್ಜ ಹಿಂದಿನ ತುದಿಯಲ್ಲಿ ನಿಂತು ಗಳ ಊರಿದ. ದಂಡೆ ಬಿಟ್ಟ ಕೂಡಲೇ ದೋಣಿ ಹೊಯ್ದಾಡಿತು. ಕಾಕಾ ಎರಡೂ ಅಂಚು ಗಟ್ಟಿಯಾಗಿ ಹಿಡಿದು ನಡುಗತೊಡಗಿದ. ಅಪ್ಪ ಕೈ ಚಾಚಿ ಹಿಂದಿನಿಂದ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದ. ಹೊಂಡವೇನು ದೊಡ್ಡದಲ್ಲ, ಅವರು ಆಡಿದ್ದೆಲ್ಲ ನಮಗೆ ದಂಡೆಯ ಮೇಲೆ ಕೇಳುತ್ತಿತ್ತು.

“ಹೆದರಬ್ಯಾಡ,” ಎಂದ ಅಪ್ಪ. “ಅವತ್ತೂ ನಾ ಹಿಂಗ ಹಿಂದಿಂದ ಅಂಗಿ ಹಿಡದಿದ್ದೆ.”

ಕಾಕಾನ ನಡುಕ ನಿಂತಿತು. ಅವನು ತಿರುಗಿ ನೋಡಲಿಲ್ಲ. ಯಾವತ್ತು ಎಂದು ಕೇಳಿದ.

“ಅವ್ವನ್ನ ದವಾಖಾನಿಗೆ ಒಯ್ದ ದಿನ. ಹೊಳಿ ತುಂಬಿತ್ತು.” ಅಪ್ಪನ ದನಿ ಲೆಕ್ಕ ಹೇಳಿಕೊಡುವಷ್ಟೇ ಸಪಾಟಾಗಿತ್ತು, ಮೊದಮೊದಲು. “ಅವ್ವ ತಿರುಗಿ ಬರಲಿಲ್ಲ. ಆಮ್ಯಾಲೆ ನೀ ದಿನಾ ಅಳ್ತಿದ್ದಿ. ದೋಣಿಯಾಗ ಹೋಗಿ ಅವ್ವನ್ನ ಕರಕೊಂಡು ಬರೂಣು ನಡಿ ಅಂತಿದ್ದಿ. ಉಣ್ಣಲಿಲ್ಲ, ಮಲಗಲಿಲ್ಲ. ನಮ್ಮಪ್ಪ ನನಗ ಹೇಳಿದ, ಯಾವ ದೋಣಿನೂ ಇರಲಿಲ್ಲ ಅಂತ ಅವಂಗ ಹೇಳು, ಮರೀತಾನ ಅಂತ. ಹೇಳಿದೆ. ಇನ್ನ ಸಾಕು ಬಿಡು ಅಂತ ನನಗ ಯಾರೂ ಹೇಳಲೇ ಇಲ್ಲೋ ತಮ್ಮಾ.”

ಅಂಬಿಗಜ್ಜ ಗಳ ಎತ್ತಿ ಹಿಡಿದು ದೋಣಿ ನಿಲ್ಲಿಸಿದ. ನನ್ನ ಪಕ್ಕದಲ್ಲಿ ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂಬತ್ತು ವರ್ಷದ ಹುಡುಗನಿಗೆ ಹೇಳಿದ ಒಂದು ಮಾತು. ಅದನ್ನು ಅವನು ಎಪ್ಪತ್ತು ದಾಟಿದರೂ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದ. ಅಪ್ಪನ ಮೇಲೆ ಸಿಟ್ಟಾಗಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಕಾಕಾ ಜಗಳ ತೆಗೆಯುತ್ತಾನೆ ಎಂದುಕೊಂಡೆ. ಅರವತ್ತು ವರ್ಷದ ಜಗಳವನ್ನು ಗೆದ್ದಿದ್ದ, ತೆಗೆಯಬಹುದಿತ್ತು. ಅವನು ಕೇಳಿದ್ದು ಇಷ್ಟೇ:

“ಅವ್ವ ಎಲ್ಲಿ ಕುಂತಿದ್ದಳು ಅಣ್ಣಾ?”

“ಅಲ್ಲೇ. ಈಗ ನೀ ಕುಂತೀಯಲ್ಲ, ಅಲ್ಲೇ.”

ಕಾಕಾ ಅಂಚು ಹಿಡಿದಿದ್ದ ಎರಡೂ ಕೈ ಬಿಟ್ಟ. ಆಮೇಲೆ ಮೆಲ್ಲಗೆ, ದೋಣಿ ಅಲುಗದ ಹಾಗೆ, ಒಂದು ಮೊಳ ಮುಂದಕ್ಕೆ ಸರಿದು ಆ ಜಾಗ ಬಿಟ್ಟು ಕೂತ.